ಡ್ರಾಯರ್‌ನಲ್ಲಿ ಮಲಗಿರುವ ಬ್ಲ್ಯಾಕ್‌ಬೆರಿಯಿಂದ ಮೆಸೇಜು, ಫೋಟೊ, ನಂಬರ್ ತೆಗೆಯುವುದು ಹೇಗೆ

2023ರ ದಸರಾ ರಜೆಯಲ್ಲಿ ದಾವಣಗೆರೆಗೆ ಹೋಗಿದ್ದೆ. ಊಟ ಮುಗಿದ ಮೇಲೆ ದೊಡ್ಡಮ್ಮ ಬೀರುವಿನಿಂದ ಒಂದು ಕರವಸ್ತ್ರದ ಗಂಟು ತಂದು ನನ್ನ ಮುಂದಿಟ್ಟರು. ಬಿಚ್ಚಿದರೆ ಒಳಗೆ ಕಪ್ಪು ಬಣ್ಣದ ಬ್ಲ್ಯಾಕ್‌ಬೆರಿ ಕರ್ವ್ 8520. ದೊಡ್ಡಪ್ಪನದು. ಔಷಧ ಕಂಪನಿಯೊಂದರಲ್ಲಿ ಏರಿಯಾ ಮ್ಯಾನೇಜರ್ ಆಗಿದ್ದಾಗ ಸ್ವಂತ ದುಡ್ಡಲ್ಲಿ ತಗೊಂಡಿದ್ದರು. ಅವರು ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು.

"ಇದ್ರಲ್ಲಿ ಅವ್ರು ನಂಗೆ ಕಳಿಸ್ತಿದ್ದ ಮೆಸೇಜೆಲ್ಲಾ ಇರ್ಬೇಕು ಕಣೇ. ನನ್ನ ಫೋನು ನೀರಿಗೆ ಬಿದ್ದು ಹಾಳಾಯ್ತಲ್ಲ. ಇದ್ರಿಂದ ತೆಗೆಯೋಕಾಗುತ್ತಾ ನೋಡು" ಅಂದರು.

ನಾನು 2007ರಿಂದ 2014ರವರೆಗೆ ಬೆಂಗಳೂರಿನ ಒಂದು ಆಫೀಸಿನಲ್ಲಿ ಬ್ಲ್ಯಾಕ್‌ಬೆರಿ ಎಂಟರ್‌ಪ್ರೈಸ್ ಸರ್ವರ್, ಅಂದರೆ ಆಫೀಸಿನ ಎಲ್ಲ ಬ್ಲ್ಯಾಕ್‌ಬೆರಿಗಳನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ವ್ಯವಸ್ಥೆ, ನೋಡಿಕೊಳ್ಳುತ್ತಿದ್ದೆ. ನಾವೆಲ್ಲ ಅದನ್ನು ಬೆಸ್ ಅಂತ ಕರೆಯುತ್ತಿದ್ದೆವು. ಮುನ್ನೂರಕ್ಕೂ ಹೆಚ್ಚು ಫೋನುಗಳು ನನ್ನ ಸುಪರ್ದಿಯಲ್ಲಿದ್ದವು. ಹೊಸಬರು ಸೇರಿದರೆ ಫೋನು ಕೊಡುವುದು, ಬಿಟ್ಟು ಹೋದರೆ ಅದರಲ್ಲಿದ್ದುದನ್ನು ಅಳಿಸುವುದು, ಎರಡೂ ನನ್ನದೇ ಕೆಲಸ. ಹಾಗಾಗಿ ಈ ಫೋನಿನಲ್ಲಿ ಏನು ಎಲ್ಲಿ ಕೂತಿರುತ್ತದೆ, ಯಾವಾಗ ಅಳಿಸಿ ಹೋಗುತ್ತದೆ ಅನ್ನುವುದು ನನಗೆ ಗೊತ್ತು. ದೊಡ್ಡಪ್ಪನ ಫೋನಿನ ಕೆಲಸ ಮುಗಿಸಿದ ಮೇಲೆ ನೆಂಟರು, ಹಳೆಯ ಸಹೋದ್ಯೋಗಿಗಳು ಅಂತ ಇನ್ನೂ ಹತ್ತು ಹನ್ನೆರಡು ಫೋನುಗಳನ್ನು ನೋಡಿದ್ದೇನೆ. ಕೆಲಸ ಕಷ್ಟದ್ದಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿದರೆ ಒಳಗಿರುವುದು ಹೋಗಿಬಿಡುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಫೋನು ಕೈಗೆತ್ತಿಕೊಳ್ಳಿ.

ನಿಮ್ಮ ಹತ್ತಿರ ಇರುವುದು ಯಾವ ಬ್ಲ್ಯಾಕ್‌ಬೆರಿ?

ಬ್ಲ್ಯಾಕ್‌ಬೆರಿ ಅಂದರೆ ಒಂದೇ ಜಾತಿಯಲ್ಲ, ಮೂರಿವೆ. ಈ ಮೂರು ಜಾತಿ ಆ ಕಂಪನಿ ಏರಿದ್ದು, ಎಡವಿದ್ದು, ಕೊನೆಗೆ ಕೈಬಿಟ್ಟಿದ್ದು, ಇವುಗಳ ಗುರುತೇ ಆಗಿವೆ.

ಮೊದಲನೆಯದು ಹಳೆಯ ಬ್ಲ್ಯಾಕ್‌ಬೆರಿ ಓಎಸ್ (ಫೋನನ್ನು ನಡೆಸುವ ಮೂಲ ತಂತ್ರಾಂಶ), ಅಂದರೆ 7.1 ಮತ್ತು ಅದಕ್ಕಿಂತ ಹಿಂದಿನದು. ಪರ್ಲ್, ಕರ್ವ್, ಬೋಲ್ಡ್, ಸ್ಟಾರ್ಮ್, ಟಾರ್ಚ್ ಎಲ್ಲ ಇದರಲ್ಲಿ ಬರುತ್ತವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಟರ್ಲೂ ಊರಿನಲ್ಲಿ 1984ರಲ್ಲಿ ಮೈಕ್ ಲಝಾರಿಡಿಸ್ ಮತ್ತು ಡಗ್ಲಸ್ ಫ್ರೆಗಿನ್ ಶುರು ಮಾಡಿದ ರಿಸರ್ಚ್ ಇನ್ ಮೋಷನ್ ಕಂಪನಿ ಫೋನಿಗಿಂತ ಮುಂಚೆ ಪೇಜರ್ ಮಾಡುತ್ತಿತ್ತು. 1999ರಲ್ಲಿ ಇಮೇಲ್ ಬರುವ ಪೇಜರ್‌ಗೆ ಬ್ಲ್ಯಾಕ್‌ಬೆರಿ ಅಂತ ಹೆಸರಿಟ್ಟರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳಲ್ಲಿ ಅರ್ಧದ ಹತ್ತಿರ ಇವರದೇ ಆಗಿತ್ತು. ನಿಮ್ಮ ಮನೆಯ ಡ್ರಾಯರ್‌ನಲ್ಲಿರುವುದು ಜಾಸ್ತಿ ಸಂಭವ ಈ ಜಾತಿಯದೇ.

ಎರಡನೆಯದು ಬ್ಲ್ಯಾಕ್‌ಬೆರಿ 10. ಝೆಡ್10, ಕ್ಯೂ10, ಪಾಸ್‌ಪೋರ್ಟ್, ಕ್ಲಾಸಿಕ್ ಇವೆಲ್ಲ ಈ ಗುಂಪು. ಐಫೋನ್ 2007ರಲ್ಲಿ ಬಂತು. ಇವರ ಉತ್ತರ ಸಿದ್ಧವಾಗಿದ್ದು 2013ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಜನ ಬೇರೆ ಕಡೆ ಹೋಗಿಯಾಗಿತ್ತು. ಝೆಡ್10 ಒಳ್ಳೆಯ ಫೋನು, ನಾನು ಬಳಸಿದ್ದೇನೆ, ಇವತ್ತಿಗೂ ಅದರ ಟಚ್ ಕೀಬೋರ್ಡ್ ನನಗೆ ಇಷ್ಟ. ಆದರೆ ನಮ್ಮಲ್ಲಿ ಅದರ ಬೆಲೆ 43,490 ರೂಪಾಯಿ ಇತ್ತು, ಇನ್‌ಸ್ಟಾಗ್ರಾಂ ಕೂಡ ಅದಕ್ಕೆಂದು ಬರಲಿಲ್ಲ. ಮಾರಾಟವಾಗದೆ ಉಳಿದ ಫೋನುಗಳಿಂದಾಗಿ ಅದೇ ವರ್ಷ ಒಂದೇ ತ್ರೈಮಾಸಿಕದಲ್ಲಿ ಕಂಪನಿಗೆ ಸುಮಾರು 100 ಕೋಟಿ ಡಾಲರ್ ನಷ್ಟವಾಯಿತು. 4,500 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದರು.

ಮೂರನೆಯದು ಆಂಡ್ರಾಯ್ಡ್ ಬ್ಲ್ಯಾಕ್‌ಬೆರಿ. 2015ರ ಪ್ರಿವ್, ಆಮೇಲೆ ಬಂದ ಕೀವನ್, ಕೀ2, ನಮ್ಮ ದೇಶದಲ್ಲಿ 2018ರಲ್ಲಿ ಬಿಡುಗಡೆಯಾದ ಇವಾಲ್ವ್. 2016ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಾನೇ ಫೋನು ತಯಾರು ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿತು. ಆಮೇಲಿನವು ಹೆಸರು ಮಾತ್ರ ಬ್ಲ್ಯಾಕ್‌ಬೆರಿ, ಮಾಡಿದವರು ಬೇರೆ. ಇವುಗಳಲ್ಲಿ ಏನೂ ವಿಶೇಷ ಇಲ್ಲ. ಗೂಗಲ್ ಖಾತೆಗೆ ನಂಬರ್‌ಗಳು ಹೋಗಿರುತ್ತವೆ, ಕೇಬಲ್ ಹಾಕಿದರೆ ಫೋಟೊ ಬರುತ್ತದೆ. ನಿಮ್ಮದು ಇದಾಗಿದ್ದರೆ ಮುಂದಿನದನ್ನು ಓದುವ ಅಗತ್ಯವಿಲ್ಲ.

ಮೊದಲ ಎರಡು ಜಾತಿಗೆ 2022ರ ಜನವರಿ 4ರಂದು ಕಂಪನಿಯ ಸೇವೆ ನಿಂತಿತು. ಕರೆ, ಎಸ್‌ಎಂಎಸ್, ಇಂಟರ್‌ನೆಟ್ ಯಾವುದನ್ನೂ ಇನ್ನು ನಂಬಿಕೊಳ್ಳಬೇಡಿ ಅಂತ ಅವರೇ ಹೇಳಿದರು. ನಮ್ಮ ಕೆಲಸಕ್ಕೆ ಇದರ ಅರ್ಥ ಇಷ್ಟು: ಹೊರತೆಗೆಯುವುದೆಲ್ಲ ಕೇಬಲ್ ಮತ್ತು ಮೆಮೊರಿ ಕಾರ್ಡ್ ಮೂಲಕವೇ. "ಒಂದು ಸಿಮ್ ಹಾಕಿ ನೋಡೋಣ, ಇಮೇಲ್ ಮಾಡಿಕೊಳ್ಳೋಣ" ಅನ್ನುವ ದಾರಿ ಬಿಟ್ಟುಬಿಡಿ. ಸಿಮ್ ಹಾಕುವುದು ಯಾಕೆ ಅಪಾಯ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಬ್ಯಾಟರಿ, ಕೇಬಲ್

ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನು ಮೇಜಿನ ಮೇಲೆ ಇಡಿ. ಮಟ್ಟಸವಾಗಿ ಕೂರಬೇಕು. ಬೆರಳಲ್ಲಿ ತಳ್ಳಿದರೆ ಗಿರ್ರನೆ ತಿರುಗಿದರೆ ಅದು ಉಬ್ಬಿದೆ ಅಂತ. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬೇಡಿ, ಚುಚ್ಚಬೇಡಿ. ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಹೊಸ ಬ್ಯಾಟರಿ ಬೇಕಾದರೆ ಫೋನಿನ ಮಾಡೆಲ್‌ಗಿಂತ ಬ್ಯಾಟರಿಯ ಮೇಲಿನ ಗುರುತು ಮುಖ್ಯ. ಕರ್ವ್ 8520ಕ್ಕೆ ಸಿ-ಎಸ್2. ಬೋಲ್ಡ್ 9000, 9700, 9780ಕ್ಕೆ ಎಂ-ಎಸ್1. ಬೋಲ್ಡ್ 9900ಕ್ಕೆ ಜೆ-ಎಂ1. ಅಂಗಡಿಯಲ್ಲಿ ಈ ಗುರುತು ಹೇಳಿದರೆ ಸಾಕು. ದೊಡ್ಡಪ್ಪನ ಫೋನಿಗೆ ನನಗೆ ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಸಣ್ಣ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಡಬ್ಬಿಯ ಅಡಿಯಿಂದ ಹುಡುಕಿ ಕೊಟ್ಟರು.

ಬ್ಯಾಟರಿ ಎಷ್ಟೋ ವರ್ಷ ಸತ್ತು ಮಲಗಿದ್ದರೂ ಒಳಗಿನ ಮೆಸೇಜು ಸಾಯುವುದಿಲ್ಲ. ಅವು ಫ್ಲ್ಯಾಶ್ ಮೆಮೊರಿಯಲ್ಲಿರುತ್ತವೆ, ಅದಕ್ಕೆ ಕರೆಂಟು ಬೇಡ. ಆಫೀಸಿನವರು ಕೊಟ್ಟ ಫೋನಾಗಿದ್ದರೆ ಮಾತ್ರ ಒಂದು ಎಚ್ಚರಿಕೆ. ಬ್ಯಾಟರಿ ತೀರಾ ಕಡಿಮೆಯಾದರೆ ಎಲ್ಲವನ್ನೂ ಅಳಿಸು ಅನ್ನುವ ನಿಯಮವನ್ನು ಬೆಸ್‌ನಿಂದ ಹಾಕಬಹುದಿತ್ತು. ಕೆಲವು ಆಫೀಸುಗಳು ಹಾಕಿದ್ದವು. ಅಂಥ ಫೋನು ಖಾಲಿಯಾಗಿ ಸಿಕ್ಕರೆ ನಿಮ್ಮ ತಪ್ಪೇನೂ ಇಲ್ಲ.

ಕೇಬಲ್ ವಿಷಯ. ಬೋಲ್ಡ್ 9000, ಕರ್ವ್ 8310 ಕಾಲದವಕ್ಕೆ ದಪ್ಪನೆಯ ಮಿನಿ ಯುಎಸ್‌ಬಿ ಬೇಕು. 8520, 9700 ಮತ್ತು ಆಮೇಲಿನವಕ್ಕೆ ಮೈಕ್ರೊ ಯುಎಸ್‌ಬಿ. ಬರೀ ಚಾರ್ಜಿಂಗ್ ಕೇಬಲ್ ಆದರೆ ಕಂಪ್ಯೂಟರ್‌ಗೆ ಫೋನು ಕಾಣುವುದೇ ಇಲ್ಲ, ಡೇಟಾ ಹೋಗುವ ಕೇಬಲ್ ಇಟ್ಟುಕೊಳ್ಳಿ. ಗೋಡೆಯ ಚಾರ್ಜರ್‌ಗೆ ಹಾಕಿ ಕನಿಷ್ಠ ಎರಡು ಮೂರು ಗಂಟೆ ಬಿಡಿ. ಪರದೆಯ ಮೇಲೆ ಬ್ಯಾಟರಿ ಚಿತ್ರದ ಮೇಲೆ ಕೆಂಪು ಗೀಟು ಬಂದರೆ ಬ್ಯಾಟರಿ ಕೆಟ್ಟಿದೆ ಅಂತಲೇ ಅಂದುಕೊಳ್ಳಿ. ಆನ್ ಆಗುವಾಗ ಕೆಂಪು ದೀಪ ಹತ್ತಿ, ಉದ್ದನೆಯ ಗೆರೆಯೊಂದು ತುಂಬುತ್ತಾ ಕೆಲವು ನಿಮಿಷ ಹಿಡಿಯುತ್ತದೆ. ಕೆಟ್ಟಿದೆ ಅಂತ ಗಾಬರಿಯಾಗಿ ನಡುವೆ ಬ್ಯಾಟರಿ ಕೀಳಬೇಡಿ. ಬಿಳಿ ಪರದೆಯ ಮೇಲೆ 507 ಅಂತ ಬಂದರೆ ಫೋನಿನಲ್ಲಿ ಓಎಸ್ಸೇ ಉಳಿದಿಲ್ಲ. ಅಲ್ಲಿಗೆ ನಿಲ್ಲಿಸಿ, ಮೆಮೊರಿ ಕಾರ್ಡ್ ಮಾತ್ರ ತೆಗೆದುಕೊಳ್ಳಿ.

ಪರ್ಲ್, ಹಳೆಯ ಕರ್ವ್, ಬೋಲ್ಡ್ 9000 ಇವುಗಳಲ್ಲಿ ಮಧ್ಯೆ ಒಂದು ಪುಟ್ಟ ಗುಂಡು ಇರುತ್ತದೆ. ಟ್ರ್ಯಾಕ್‌ಬಾಲ್. ಜಿಡ್ಡು ಕೂತು ಒಂದು ದಿಕ್ಕಿಗೆ ಮಾತ್ರ ಓಡುತ್ತದೆ. ಈ ಫೋನುಗಳಿಗೆ ಟಚ್ ಇಲ್ಲ, ಗುಂಡು ಓಡದಿದ್ದರೆ ನೀವು ಎಲ್ಲಿಗೂ ಹೋಗಲಾರಿರಿ. ಫೋನು ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೇ ತೊಟ್ಟು ತಾಗಿಸಿ, ಒಣ ಬಟ್ಟೆಯ ಮೇಲೆ ತಲೆಕೆಳಗಾಗಿ ಉರುಳಿಸಿ. ಎರಡು ಮೂರು ಸಲ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪಾಸ್‌ವರ್ಡ್: ಹತ್ತೇ ಅವಕಾಶ

ಜಾಸ್ತಿ ಫೋನುಗಳು ಕೈತಪ್ಪುವುದು ಇಲ್ಲೇ. ಬ್ಲ್ಯಾಕ್‌ಬೆರಿಯಲ್ಲಿ ಹತ್ತು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಫೋನು ತನ್ನೊಳಗಿನದನ್ನೆಲ್ಲ ಅಳಿಸಿಕೊಳ್ಳುತ್ತದೆ. ಹೆದರಿಸಲಿಕ್ಕೆ ಹೇಳುವ ಮಾತಲ್ಲ ಅದು, ನಿಜವಾಗಿ ಅಳಿಸುತ್ತದೆ. ಸಹೋದ್ಯೋಗಿಯೊಬ್ಬರು ತಮ್ಮ ತಂದೆಯ ಬೋಲ್ಡ್ ಫೋನನ್ನು ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟಿದ್ದರು. ಅಲ್ಲಿದ್ದ ಹುಡುಗ 1234, 0000 ಅಂತ ಒತ್ತುತ್ತಾ ಹೋದ. ಸಂಜೆ ಫೋನು ವಾಪಸ್ ಬಂದಾಗ ಹೊಸದರಂತೆ ಖಾಲಿ ಇತ್ತು. ಆ ತಂದೆಯ ಧ್ವನಿ ರೆಕಾರ್ಡ್ ಮಾಡಿದ್ದು ಅದರಲ್ಲಿ ಮಾತ್ರ ಇತ್ತು. ಹಾಗಾಗಿ ಕೈಮುಗಿದು ಕೇಳುತ್ತೇನೆ, ಪಾಸ್‌ವರ್ಡ್ ಗೊತ್ತಿಲ್ಲದ ಬ್ಲ್ಯಾಕ್‌ಬೆರಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ.

ಕಾಗದ, ಪೆನ್ನು ತಗೊಂಡು ಕೂತುಕೊಳ್ಳಿ. ಪರದೆಯ ಮೇಲೆ ಎಷ್ಟನೇ ಪ್ರಯತ್ನ ಅಂತ ತೋರಿಸುತ್ತದೆ, ಪ್ರತಿಯೊಂದನ್ನೂ ಬರೆದಿಡಿ. ಕೆಲವು ತಪ್ಪಾದ ಮೇಲೆ "ಬ್ಲ್ಯಾಕ್‌ಬೆರಿ" ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಲು ಕೇಳುತ್ತದೆ. ಜೇಬಿನಲ್ಲಿ ಕೀಲಿ ತಾನಾಗಿ ಒತ್ತಿಕೊಂಡು ಅವಕಾಶ ಮುಗಿಯದಿರಲಿ ಅಂತ ಮಾಡಿರುವ ವ್ಯವಸ್ಥೆ ಅದು. ಅದು ಕೇಳಿದಾಗ ನಿಲ್ಲಿಸಿ. ಮನೆಯವರನ್ನೆಲ್ಲ ಕೇಳಿ, ಹಳೆಯ ಡೈರಿ ನೋಡಿ, ಒಂದು ರಾತ್ರಿ ಮಲಗಿ ಎದ್ದು ಯೋಚಿಸಿ.

ಇನ್ನೊಂದು ಗುಟ್ಟಿದೆ. ಈ ಕೀಬೋರ್ಡಿನಲ್ಲಿ ಅಂಕಿಗೆ ಬೇರೆ ಸಾಲಿಲ್ಲ. ಡಬ್ಲ್ಯೂ ಕೀಲಿಯ ಮೇಲೆ 1, ಇ ಮೇಲೆ 2, ಆರ್ ಮೇಲೆ 3. ಕೆಳಗಿನ ಸಾಲಿನಲ್ಲಿ ಎಸ್, ಡಿ, ಎಫ್ ಮೇಲೆ 4, 5, 6. ಅದರ ಕೆಳಗೆ ಝೆಡ್, ಎಕ್ಸ್, ಸಿ ಮೇಲೆ 7, 8, 9. ಅಂಕಿ ಬೇಕೆಂದರೆ ಆಲ್ಟ್ ಕೀಲಿ ಹಿಡಿದು ಒತ್ತಬೇಕು. ಆದರೆ ಪಾಸ್‌ವರ್ಡ್ ಇಡುವಾಗ ಬರೀ ಚುಕ್ಕಿಗಳು ಕಾಣುತ್ತವೆ ಅಲ್ವಾ? ಎಷ್ಟೋ ಜನ ಆಲ್ಟ್ ಹಿಡಿಯದೆ ಅಂಕಿ ಅಂದುಕೊಂಡು ಅಕ್ಷರ ಒತ್ತಿಬಿಟ್ಟಿರುತ್ತಾರೆ. ಅವರ ಬೆರಳಿಗೆ ಅದು 1234, ಫೋನಿಗೆ ಅದು ನಾಲ್ಕು ಅಕ್ಷರ. ಆಫೀಸಿನಲ್ಲಿ ತಿಂಗಳಿಗೆ ಎರಡು ಮೂರು ಸಲವಾದರೂ ಈ ಗೊಂದಲ ಬಿಡಿಸುತ್ತಿದ್ದೆ.

ದೊಡ್ಡಮ್ಮನಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ. "ಅವರು ಎಲ್ಲದಕ್ಕೂ ಯಾವ ನಂಬರ್ ಇಡ್ತಿದ್ರು ದೊಡ್ಡಮ್ಮ? ಬ್ಯಾಂಕಿಗೆ, ಸೂಟ್‌ಕೇಸಿಗೆ?" ಅಂತ ಕೇಳಿದೆ. ಸೂಟ್‌ಕೇಸ್ ಅಂದ ಕೂಡಲೇ ಅವರಿಗೆ ಹೊಳೆಯಿತು. 1978. ಮದುವೆಯಾದ ವರ್ಷ. ಆಲ್ಟ್ ಹಿಡಿದು ಹಾಕಿದೆ, ತಪ್ಪು ಅಂತ ಬಂತು. ಆಲ್ಟ್ ಬಿಟ್ಟು ಅದೇ ನಾಲ್ಕು ಕೀಲಿ ಒತ್ತಿದೆ. ತೆರೆಯಿತು. ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಿಮ್ಮ ಫೋನಿನಲ್ಲಿ ಪಾಸ್‌ವರ್ಡ್ ಕೀಪರ್ ಅನ್ನುವ ಆ್ಯಪ್ ಇದ್ದರೆ ಅದಕ್ಕೂ ಬೇರೆ ಪಾಸ್‌ವರ್ಡ್ ಇರುತ್ತದೆ, ಅದಕ್ಕೂ ಹತ್ತೇ ಅವಕಾಶ. ಸುಮ್ನೆ ಕುತೂಹಲಕ್ಕೆ ಒತ್ತಿ ನೋಡಬೇಡಿ.

ಸಿಮ್ ಬೇಡ, ತಾರೀಖು ಸರಿಮಾಡಬೇಡಿ

ಫೋನು ಆನ್ ಮಾಡುವ ಮೊದಲೇ ಸಿಮ್ ತೆಗೆದಿಡಿ. ಸಿಮ್ ಇಲ್ಲದೆಯೂ ಒಳಗಿನದೆಲ್ಲ ಕಾಣುತ್ತದೆ.

ಯಾಕೆ ಅಂದರೆ, ಮೆಸೇಜುಗಳನ್ನು ಎಷ್ಟು ದಿನ ಇಡಬೇಕು ಅನ್ನುವ ಸೆಟ್ಟಿಂಗ್ ಬ್ಲ್ಯಾಕ್‌ಬೆರಿಯಲ್ಲಿದೆ. ಅದು 30 ದಿನ ಅಂತ ಇದ್ದರೆ ಅದಕ್ಕಿಂತ ಹಳೆಯವು ತಾವಾಗಿಯೇ ಹೋಗುತ್ತವೆ. ಎಷ್ಟೋ ವರ್ಷ ಸತ್ತಿದ್ದ ಫೋನು ಎದ್ದಾಗ ಅದರ ಗಡಿಯಾರ ಹಿಂದಿನ ಯಾವುದೋ ತಾರೀಖು ತೋರಿಸುತ್ತದೆ. ಸಿಮ್ ಹಾಕಿ ನೆಟ್‌ವರ್ಕ್‌ನಿಂದ ಇವತ್ತಿನ ತಾರೀಖು ಬಂತು ಅಂದುಕೊಳ್ಳಿ. ಫೋನಿನ ಲೆಕ್ಕದಲ್ಲಿ ಎಲ್ಲ ಮೆಸೇಜೂ ಹಳೆಯದು. ಈ ಅಪಾಯಕ್ಕೆ ಅವಕಾಶವೇ ಕೊಡಬಾರದು. ತಾರೀಖು ತಪ್ಪಿದ್ದರೆ ತಪ್ಪಿರಲಿ.

ಮೊದಲ ಕೆಲಸವಾಗಿ ಮೆಸೇಜುಗಳ ಪಟ್ಟಿ ತೆರೆದು, ಮೆನು ಕೀಲಿ ಒತ್ತಿ, ಆಪ್ಷನ್ಸ್, ಅಲ್ಲಿಂದ ಜನರಲ್ ಆಪ್ಷನ್ಸ್‌ಗೆ ಹೋಗಿ. ಕೀಪ್ ಮೆಸೇಜಸ್ ಅನ್ನುವುದನ್ನು ಫಾರೆವರ್ ಮಾಡಿ ಉಳಿಸಿ. ದೊಡ್ಡಪ್ಪ ಅದನ್ನು ಮೊದಲೇ ಹಾಗೆ ಇಟ್ಟಿದ್ದರು. ಅಷ್ಟು ಶಿಸ್ತಿನ ಮನುಷ್ಯ.

ತೆಗೆದ ಸಿಮ್‌ನಲ್ಲೂ ನಂಬರ್‌ಗಳು ಇರಬಹುದು. ಅದನ್ನು ಬೇರೆ ಯಾವುದಾದರೂ ಫೋನಿಗೆ ಹಾಕಿ ನೋಡಿ, ನಿಂತುಹೋದ ಸಿಮ್ ಆದರೂ ಅದರೊಳಗಿನ ಪಟ್ಟಿ ಓದಲು ಬರುತ್ತದೆ.

ಮೆಮೊರಿ ಕಾರ್ಡ್

ಫೋನು ಆಫ್ ಮಾಡಿ ಕಾರ್ಡ್ ತೆಗೆದು ಕಾರ್ಡ್ ರೀಡರ್‌ನಲ್ಲಿ ಕಂಪ್ಯೂಟರ್‌ಗೆ ಹಾಕಿ. "ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಬಹಳ ಹಿಂದೆ ಒಬ್ಬರ ಕಾರ್ಡಿಗೆ ನಾನು ಅವಸರದಲ್ಲಿ ಹೂಂ ಅಂದುಬಿಟ್ಟೆ. ಅವರ ಮದುವೆಯ ಫೋಟೊಗಳು ಹೋದವು. ಅವರು ಏನೂ ಅನ್ನಲಿಲ್ಲ, ಆದರೆ ಆ ಮುಖ ನನಗೆ ಇವತ್ತಿಗೂ ನೆನಪಿದೆ. ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಇಂಥ ಕಾರ್ಡಿನಿಂದಲೂ ಎಷ್ಟೋ ಫೋಟೊ ಹುಡುಕಿ ಕೊಡುತ್ತದೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ.

ಕಾರ್ಡಿನಲ್ಲಿ ಬ್ಲ್ಯಾಕ್‌ಬೆರಿ ಅನ್ನುವ ಫೋಲ್ಡರ್ ಇರುತ್ತದೆ. ಅದನ್ನು ಹಾಗೇ ಪೂರ್ತಿ ಕಾಪಿ ಮಾಡಿಕೊಳ್ಳಿ, ಆಮೇಲೆ ಕಾಪಿಯಲ್ಲಿ ಹುಡುಕಿ. ಫೋಟೊಗಳು ಪಿಕ್ಚರ್ಸ್ ಅಥವಾ ಕ್ಯಾಮೆರಾ ಫೋಲ್ಡರ್‌ನಲ್ಲಿರುತ್ತವೆ. ಎಲ್ಲರೂ ಮರೆಯುವುದು ವಾಯ್ಸ್‌ನೋಟ್ಸ್ ಫೋಲ್ಡರ್. ಧ್ವನಿ ರೆಕಾರ್ಡಿಂಗ್‌ಗಳು ಅಲ್ಲಿ ಎಎಂಆರ್ ಫೈಲುಗಳಾಗಿ ಕೂತಿರುತ್ತವೆ, ವಿಎಲ್‌ಸಿಯಲ್ಲಿ ಕೇಳಬಹುದು.

ಫೈಲುಗಳ ಹೆಸರಿನ ಕೊನೆಗೆ ಡಾಟ್ ರೆಮ್ ಅಂತ ಇದ್ದರೆ ಅವು ಬೀಗ ಹಾಕಿದ ಫೈಲುಗಳು. ಬೀಗದ ಕೈ ಫೋನಿನೊಳಗೇ ಇರುತ್ತದೆ. ಕಂಪ್ಯೂಟರ್‌ನಲ್ಲಿ ತೆರೆಯುವುದಿಲ್ಲ. ಕಾರ್ಡನ್ನು ಅದೇ ಫೋನಿಗೆ ವಾಪಸ್ ಹಾಕಿ ಅಲ್ಲೇ ನೋಡಬೇಕು. ಬೇರೆ ದಾರಿ ಇಲ್ಲದಿದ್ದರೆ ಆ ಪರದೆಯ ಫೋಟೊವನ್ನೇ ಇನ್ನೊಂದು ಫೋನಿನಲ್ಲಿ ತೆಗೆದುಕೊಳ್ಳಿ. ಫೋನನ್ನು ಅಳಿಸಿಬಿಟ್ಟರೆ ಈ ಫೋಟೊಗಳು ಕಾರ್ಡಿನಲ್ಲಿದ್ದೂ ಇಲ್ಲದಂತೆ. ಕಾರ್ಡಿನಲ್ಲಿ ಎಲ್ಲ ಇದೆ ಅಂದುಕೊಂಡು ಫೋನನ್ನು ಹಳೇ ಸಾಮಾನಿನವರಿಗೆ ಹಾಕುವವರು ಇದನ್ನು ಮೊದಲು ನೋಡಿಕೊಳ್ಳಬೇಕು.

ಬ್ಯಾಕಪ್

ನಂಬರ್, ಎಸ್‌ಎಂಎಸ್, ಮೆಮೊ ಇವೆಲ್ಲ ಕಾರ್ಡಿನಲ್ಲಿ ಇರುವುದಿಲ್ಲ, ಫೋನಿನ ಒಳಗಿರುತ್ತವೆ. ಇವನ್ನು ತೆಗೆಯಲು ಕಂಪ್ಯೂಟರ್‌ನಲ್ಲಿ ಬ್ಲ್ಯಾಕ್‌ಬೆರಿ ಡೆಸ್ಕ್‌ಟಾಪ್ ತಂತ್ರಾಂಶ ಬೇಕು. ಫೋನಿನ ಡಬ್ಬಿ ಇನ್ನೂ ಇದ್ದರೆ ಅಟ್ಟದಿಂದ ಇಳಿಸಿ ನೋಡಿ, ಅದರಲ್ಲಿ ಯೂಸರ್ ಟೂಲ್ಸ್ ಅನ್ನುವ ಸಿಡಿ ಇರುತ್ತದೆ. ದೊಡ್ಡಪ್ಪ ಡಬ್ಬಿ, ಬಿಲ್ಲು, ಸಿಡಿ ಮೂರನ್ನೂ ಜೋಪಾನವಾಗಿ ಇಟ್ಟಿದ್ದರು. ಸಿಡಿ ಇಲ್ಲದಿದ್ದರೆ ಹಳೆಯ ತಂತ್ರಾಂಶ ಕಾಪಿಡುವ ತಾಣಗಳಲ್ಲಿ ಹುಡುಕಬೇಕು. ಸಿಕ್ಕಿದ್ದನ್ನು ವೈರಸ್ ಇದೆಯಾ ಅಂತ ಪರೀಕ್ಷಿಸದೆ ತೆರೆಯಬೇಡಿ. ನಾನು ಈ ಕೆಲಸಕ್ಕೆ ಅಂತಲೇ ಹಳೆಯ ವಿಂಡೋಸ್ 7 ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೇನೆ, ಅದಕ್ಕೆ ಇಂಟರ್‌ನೆಟ್ ಕೊಡುವುದಿಲ್ಲ.

ತಂತ್ರಾಂಶ ಹಾಕಿ, ಫೋನು ಜೋಡಿಸಿ, ಅದು ಕೇಳಿದಾಗ ಫೋನಿನ ಪಾಸ್‌ವರ್ಡ್ ಕೊಡಿ. ಈ ಪ್ರಯತ್ನವೂ ಹತ್ತರ ಲೆಕ್ಕಕ್ಕೇ ಸೇರುತ್ತದೆ ಅಂದುಕೊಂಡು ನಿಧಾನವಾಗಿ ಟೈಪ್ ಮಾಡಿ. ಬ್ಯಾಕಪ್ ಒತ್ತಿ, ಪೂರ್ತಿ ಬ್ಯಾಕಪ್ ಆರಿಸಿ. ಫೈಲಿಗೆ ಬೀಗ ಹಾಕಲಾ ಅಂತ ಕೇಳಿದರೆ ಬೇಡ ಅನ್ನಿ, ಬೀಗ ಹಾಕಿದರೆ ಓದುವ ತಂತ್ರಾಂಶಗಳಿಗೆ ಅದು ತೆರೆಯುವುದಿಲ್ಲ. ಪಕ್ಕದಲ್ಲಿ ರಿಸ್ಟೋರ್ ಅನ್ನುವ ಬಟನ್ ಇರುತ್ತದೆ. ಅದರ ಹತ್ತಿರಕ್ಕೂ ಹೋಗಬೇಡಿ. ಅದು ಕಂಪ್ಯೂಟರ್‌ನಿಂದ ಫೋನಿಗೆ ತುಂಬುವ ಬಟನ್.

ಕೊನೆಗೆ ಸಿಗುವುದು ಒಂದೇ ಫೈಲು. ಹಳೆಯ ತಂತ್ರಾಂಶವಾದರೆ ಡಾಟ್ ಐಪಿಡಿ, ಹೊಸದಾದರೆ ಡಾಟ್ ಬಿಬಿಬಿ. ಐಪಿಡಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ನಡುವೆ ಮೊದಲ ಸಾಲು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ: "ಇಂಟರ್‌ಆ್ಯಕ್ಟಿವ್ ಪೇಜರ್ ಬ್ಯಾಕಪ್/ರಿಸ್ಟೋರ್ ಫೈಲ್". 1996ರಲ್ಲಿ ಇವರು ಮಾಡಿದ ಪೇಜರ್‌ನ ಹೆಸರು ಅದು. ಕೋಟಿಗಟ್ಟಲೆ ಫೋನು ಮಾರಿದ ಮೇಲೂ ಆ ಸಾಲನ್ನು ಯಾರೂ ಬದಲಾಯಿಸಿರಲಿಲ್ಲ. ಮೊದಲ ಸಲ ಅದನ್ನು ನೋಡಿದಾಗ ನನಗೆ ಯಾಕೋ ಗಂಟಲು ಕಟ್ಟಿತ್ತು. ತಾನು ಗೆದ್ದ ಹಳೆಯ ದಾರಿಯನ್ನೇ ಬಿಡದೆ ಹಿಡಿದುಕೊಂಡ ಕಂಪನಿ ಅದು ಅಂತ ನನಗೆ ಅನ್ನಿಸುವುದು ಇಂಥ ಸಣ್ಣ ಗುರುತುಗಳಿಂದಲೇ. 2011ರಲ್ಲಿ ಪ್ಲೇಬುಕ್ ಅನ್ನುವ ಟ್ಯಾಬ್ಲೆಟ್ ತಂದಾಗ ಅದರಲ್ಲಿ ಇಮೇಲ್‌ಗೆ ಸ್ವಂತ ಆ್ಯಪ್ ಇರಲಿಲ್ಲ. ಪಕ್ಕದಲ್ಲಿ ಬ್ಲ್ಯಾಕ್‌ಬೆರಿ ಫೋನು ಇದ್ದೇ ಇರುತ್ತದೆ ಅಂದುಕೊಂಡಿದ್ದರು. ಇಮೇಲ್‌ನಿಂದ ಹೆಸರು ಮಾಡಿದವರು!

ಐಪಿಡಿ ಫೈಲನ್ನು ಓದಲು ಮ್ಯಾಜಿಕ್‌ಬೆರಿ ಅನ್ನುವ ಉಚಿತ ತಂತ್ರಾಂಶ ಇದೆ. ಅದರಲ್ಲಿ ತೆರೆದರೆ ಎಸ್‌ಎಂಎಸ್, ನಂಬರ್, ಮೆಮೊ, ಕರೆಗಳ ಪಟ್ಟಿ ಬೇರೆ ಬೇರೆಯಾಗಿ ಕಾಣುತ್ತವೆ, ಒಂದೊಂದನ್ನೂ ಎಕ್ಸೆಲ್‌ನಲ್ಲಿ ತೆರೆಯುವಂತೆ ಉಳಿಸಿಕೊಳ್ಳಬಹುದು. ಬಿಬಿಬಿ ಫೈಲು ಹೊರನೋಟಕ್ಕೆ ಬೇರೆ ಕಂಡರೂ ಅದು ಜಿಪ್ ಫೈಲೇ. ಒಂದು ಕಾಪಿ ಮಾಡಿ, ಕಾಪಿಯ ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಾಯಿಸಿ ಬಿಚ್ಚಿದರೆ ಒಳಗೆ ಡೇಟಾಬೇಸಸ್ ಅನ್ನುವ ಫೋಲ್ಡರ್ ಸಿಗುತ್ತದೆ. ಬರೀ ನಂಬರ್‌ಗಳು ಸಾಕು ಅನ್ನುವವರು ಇಷ್ಟೆಲ್ಲ ಮಾಡಬೇಕಿಲ್ಲ. ಡೆಸ್ಕ್‌ಟಾಪ್ ತಂತ್ರಾಂಶದಿಂದ ಔಟ್‌ಲುಕ್‌ಗೆ ಸಿಂಕ್ ಮಾಡಿ ಅಲ್ಲಿಂದ ತೆಗೆದುಕೊಳ್ಳಿ.

ದೊಡ್ಡಪ್ಪನ ಫೋನಿನಲ್ಲಿ ನಾನೂರಕ್ಕೂ ಹೆಚ್ಚು ಎಸ್‌ಎಂಎಸ್ ಸಿಕ್ಕವು. ಅರ್ಧ ಬ್ಯಾಂಕಿನವು, ಅಂಗಡಿಯವು. ಉಳಿದವು ದೊಡ್ಡಮ್ಮನಿಗೆ ಬರೆದವು. ಆ ಕಾಲದಲ್ಲಿ ಬಹಳ ಜನ ಮಾಡುತ್ತಿದ್ದಂತೆ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. "ಹರಿಹರ ಬಿಟ್ಟೆ. ಊಟಕ್ಕೆ ಕಾಯಬೇಡ." "ಮಾತ್ರೆ ತಗೊಂಡ್ಯಾ." "ಬಸ್ ಸಿಗಲಿಲ್ಲ, ಲೇಟು." ದೊಡ್ಡಮ್ಮನಿಗೆ ಇಂಗ್ಲಿಷ್ ಅಕ್ಷರ ಓದಲು ಈಗ ಕಣ್ಣು ಸಾಲದು. ಒಂದೊಂದನ್ನೂ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ, ತಾರೀಖಿನ ಜೊತೆ ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟೆ. ನಿಮ್ಮ ಮನೆಯಲ್ಲೂ ಹಿರಿಯರಿಗಾಗಿ ಈ ಕೆಲಸ ಮಾಡುತ್ತಿದ್ದರೆ ಎಕ್ಸೆಲ್ ಫೈಲು ಕೊಟ್ಟು ಸುಮ್ಮನಾಗಬೇಡಿ. ಕಾಗದದ ಮೇಲೆ ಕೊಡಿ.

ಸಿಗದೆ ಇರುವವು

ಬಿಬಿಎಂ, ಅಂದರೆ ಬ್ಲ್ಯಾಕ್‌ಬೆರಿಯದೇ ಮೆಸೆಂಜರ್ ಆ್ಯಪ್, ಅದರ ಚಾಟ್‌ಗಳನ್ನು ಎಲ್ಲರೂ ಕೇಳುತ್ತಾರೆ. ಬಿಬಿಎಂ 2019ರ ಮೇ 31ಕ್ಕೆ ಮುಚ್ಚಿತು, ಆ್ಯಪ್ ತೆರೆದು ಹುಡುಕಿ ಪ್ರಯೋಜನವಿಲ್ಲ. ಒಂದೇ ಆಸೆ ಇದೆ. ಚಾಟ್‌ಗಳನ್ನು ಕಾರ್ಡಿಗೆ ಉಳಿಸು ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಅವು ಕಾರ್ಡಿನ ಬ್ಲ್ಯಾಕ್‌ಬೆರಿ ಫೋಲ್ಡರ್‌ನಲ್ಲಿ ಐಎಂ ಅನ್ನುವುದರೊಳಗೆ, ಆ ಫೋನಿನ ಗುರುತಾದ ಎಂಟು ಅಕ್ಷರದ ಪಿನ್ ಹೆಸರಿನ ಫೋಲ್ಡರ್‌ನಲ್ಲಿ, ಹಿಸ್ಟರಿ ಅಂತ ಇರುತ್ತವೆ. ಸಿಎಸ್‌ವಿ ಫೈಲುಗಳು, ನೇರವಾಗಿ ಓದಬಹುದು.

ಇಮೇಲ್‌ಗೆ ಫೋನಿನಲ್ಲಿ ತಡಕಾಡಬೇಡಿ. ಫೋನಿಗೆ ಬರುತ್ತಿದ್ದುದು ಕಾಪಿ ಮಾತ್ರ. ಕಾಪಿ ಬರುತ್ತಿದ್ದ ದಾರಿ ಮಾತ್ರ ವಿಶೇಷದ್ದು, ಎಲ್ಲವೂ ಕಂಪನಿಯ ಸ್ವಂತ ಜಾಲದ ಮೂಲಕ ಬೀಗ ಹಾಕಿಕೊಂಡು ಹೋಗುತ್ತಿತ್ತು. ಅದನ್ನು ನೋಡಲು ತನಗೂ ದಾರಿ ಬೇಕು ಅಂತ ನಮ್ಮ ಸರ್ಕಾರ 2010ರ ಆಗಸ್ಟ್ 31ರ ಗಡುವು ಕೊಟ್ಟಿತ್ತು. ನಾಳೆಯಿಂದ ಫೋನು ನಡೆಯುತ್ತಾ ಇಲ್ವಾ ಅಂತ ಆ ವಾರವೆಲ್ಲ ನನ್ನ ಟೇಬಲ್ ಹತ್ತಿರ ಸಾಲು ನಿಂತಿತ್ತು. ಅಸಲಿ ಇಮೇಲ್ ಜಿಮೇಲ್‌ನಲ್ಲೋ ಯಾಹೂನಲ್ಲೋ ಇರುತ್ತದೆ. ಖಾತೆ ಎರಡು ವರ್ಷ ಬಳಸದೆ ಬಿಟ್ಟಿದ್ದರೆ ಗೂಗಲ್ ಅದನ್ನು ಅಳಿಸಬಹುದು, ಆದ್ದರಿಂದ ಬೇಗ ಒಳಹೋಗಲು ಪ್ರಯತ್ನಿಸಿ.

ಬ್ಲ್ಯಾಕ್‌ಬೆರಿ 10 ಫೋನುಗಳದು ಇನ್ನೂ ಕಷ್ಟ. ಲಿಂಕ್ ಅನ್ನುವ ತಂತ್ರಾಂಶದಿಂದ ಮಾಡಿದ ಬ್ಯಾಕಪ್‌ಗೆ ಬ್ಲ್ಯಾಕ್‌ಬೆರಿ ಐಡಿಗೆ (ಕಂಪನಿಯಲ್ಲಿ ತೆರೆದ ಖಾತೆಗೆ) ಕಟ್ಟಿದ ಬೀಗ ಇರುತ್ತದೆ, ಹಳೆಯದರಂತೆ ಬಿಚ್ಚಿ ಓದಲಾಗುವುದಿಲ್ಲ. ಹಾಗಾಗಿ ಬ್ಯಾಕಪ್ ಯೋಚನೆ ಬಿಟ್ಟು ಕೈಯಾರೆ ತೆಗೆಯಿರಿ. ಫೋಟೊ, ವಿಡಿಯೊಗಳನ್ನು ಕೇಬಲ್‌ನಿಂದ ಅಥವಾ ಕಾರ್ಡಿಗೆ ಹಾಕಿಕೊಂಡು. ನಂಬರ್‌ಗಳನ್ನು ಬ್ಲೂಟೂತ್‌ನಲ್ಲಿ ಇನ್ನೊಂದು ಫೋನಿಗೆ ಕಳಿಸಿ. ಮುಖ್ಯವಾದ ಮೆಸೇಜುಗಳ ಪರದೆಯ ಚಿತ್ರ ತೆಗೆದುಕೊಳ್ಳಿ, ವಾಲ್ಯೂಮ್‌ನ ಎರಡೂ ಬಟನ್ ಒಟ್ಟಿಗೆ ಒತ್ತಿದರೆ ಆಗುತ್ತದೆ. ಬೇಸರದ ಕೆಲಸ, ಆದರೆ ಆಗುವ ಕೆಲಸ.

ಆಮೇಲೆ ಫೋನನ್ನು ಏನು ಮಾಡುವುದು

ತೆಗೆದದ್ದನ್ನು ಎರಡು ಕಡೆ ಇಡಿ. ಒಂದು ಪೆನ್‌ಡ್ರೈವ್, ಇನ್ನೊಂದು ಬೇರೆ ಮನೆಯಲ್ಲಿರುವ ಯಾರದಾದರೂ ಕಂಪ್ಯೂಟರ್. ತೆರೆದು ನೋಡಿ, ಓದಲು ಬರುತ್ತದೆ ಅಂತ ಖಾತ್ರಿಯಾಗುವವರೆಗೆ ಫೋನಿನಲ್ಲಿ ಏನನ್ನೂ ಅಳಿಸಬೇಡಿ.

ಫೋನನ್ನು ಹೊರಗೆ ಕೊಡುವುದಾದರೆ ಮಾತ್ರ ಅಳಿಸಿ. ಹಳೆಯವುಗಳಲ್ಲಿ ಆಪ್ಷನ್ಸ್‌ನಲ್ಲಿ ಸೆಕ್ಯೂರಿಟಿ, ಅಲ್ಲಿ ವೈಪ್. ಖಚಿತಪಡಿಸಲು ಮತ್ತೆ "ಬ್ಲ್ಯಾಕ್‌ಬೆರಿ" ಅಂತ ಟೈಪ್ ಮಾಡಬೇಕು. ನಾನು ಇದನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಬ್ಲ್ಯಾಕ್‌ಬೆರಿ 10 ಅನ್ನು ಅಳಿಸಿದರೆ ಮತ್ತೆ ಶುರುವಾಗುವಾಗ ಐಡಿ ಕೇಳಿ ಅಲ್ಲೇ ನಿಂತುಬಿಡಬಹುದು, ಬಳಸುವ ಆಸೆ ಇದ್ದರೆ ಅಳಿಸಬೇಡಿ.

ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಬ್ಯಾಟರಿ ತೆಗೆದು ಬೇರೆ ಇಡಿ. ಫೋನಿನ ಜೊತೆ ಒಂದು ಚೀಟಿ ಬರೆದಿಡಿ. ಮುಂದೆ ಮೊಮ್ಮಕ್ಕಳು ಯಾರಾದರೂ ತೆರೆದು ನೋಡಬೇಕು ಅಂದರೆ ಅವರಿಗೆ ಬೇಕಾಗುತ್ತದೆ. ದೊಡ್ಡಪ್ಪನ ಫೋನಿನ ಚೀಟಿಯಲ್ಲಿ ನಾನು ಬರೆದಿದ್ದು ಇಷ್ಟು: ಕರ್ವ್ 8520. ಬ್ಯಾಟರಿ ಸಿ-ಎಸ್2, ತೆಗೆದಿದೆ. ಮೈಕ್ರೊ ಯುಎಸ್‌ಬಿ. ಸಿಮ್ ಹಾಕಬೇಡಿ. ಪಾಸ್‌ವರ್ಡ್ 1978, ಆಲ್ಟ್ ಒತ್ತದೆ.